ಎಷ್ಟು ಸಲ ಬಂದರೂ

ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅರವತ್ತನಾಲ್ಕು ಕೋಟಿಯದು. ಆ ತಪ್ಪು ಸಿಕ್ಕಿದ ದಿನ ಆದಷ್ಟು ಸಮಾಧಾನ ನನಗೆ ಬಡ್ತಿ ಬಂದ ದಿನವೂ ಆಗಿರಲಿಲ್ಲ. ಕೊನೆಯನ್ನು ಮೊದಲೇ ಹೇಳಿಬಿಟ್ಟಳಲ್ಲ ಅಂದುಕೊಳ್ಳಬೇಡಿ, ಕೊನೆ ಬೇರೆಯೇ ಇದೆ.

ನಮ್ಮ ಆಫೀಸು ಶಾಸನಸಭೆಯ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿದೆ. ಯಾವ ಹೊಸ ಕಾನೂನಿನ ಮಸೂದೆಯೇ ಆಗಲಿ, ಸಭೆಗೆ ಹೋಗುವ ಮೊದಲು ನಮ್ಮ ಮೇಜಿಗೆ ಬರಬೇಕು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ಬಾಯಿಬಿಡುವ ಹಾಗಿಲ್ಲ. ಜಾರಿಗೆ ತಂದರೆ ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ ಅಂತಷ್ಟೇ ಹೇಳಬೇಕು. ಊಟ ಹೇಗಿತ್ತು ಎಂದು ಕೇಳಿದರೆ ಬಿಲ್ಲು ತೋರಿಸುವ ಜಾತಿ ನಮ್ಮದು.

ಈ ಸಲ ಬಂದದ್ದು ಹೆಂಗಸರ ಮೇಲಿನ ದೌರ್ಜನ್ಯ ತಡೆಯುವ ಮಸೂದೆ. ಅದರಲ್ಲಿ ಪೊಲೀಸರಿಗೆ ತರಬೇತಿ, ಆಸ್ಪತ್ರೆಯಲ್ಲಿ ಪ್ರತ್ಯೇಕ ಕೋಣೆ, ಕೋರ್ಟಿಗೆ ವಕೀಲರು ಎಲ್ಲ ಇದ್ದವು. ಇವಕ್ಕೆಲ್ಲ ಸೇರಿ ಮೂವತ್ತೈದು ಕೋಟಿ. ಕಷ್ಟ ಇದ್ದದ್ದು ಹದಿನಾಲ್ಕನೇ ಕಲಮಿನಲ್ಲಿ. ಮನೆ ಬಿಟ್ಟು ಬಂದ ಯಾವ ಹೆಂಗಸಿಗೂ ಸರ್ಕಾರದ ಆಶ್ರಯ ಮನೆಯಲ್ಲಿ ಜಾಗ ಕೊಡಬೇಕು, ಅವಳು ಎಷ್ಟು ಸಲ ಬಂದರೂ ಕೊಡಬೇಕು ಎಂದು ಆ ಕಲಮು ಹೇಳುತ್ತಿತ್ತು. ಈಗಿರುವ ಹನ್ನೊಂದು ಆಶ್ರಯ ಮನೆಗಳಲ್ಲಿ ಹೋದ ವರ್ಷ ಆರು ಸಾವಿರದ ನಲವತ್ತು ಸೇರ್ಪಡೆ ಆಗಿತ್ತು. ಒಬ್ಬ ಹೆಂಗಸು ಸರಾಸರಿ ಅರವತ್ತು ದಿನ ಇರುತ್ತಾಳೆ ಎಂದು ಇಲಾಖೆಯ ಅಧ್ಯಯನ ಹೇಳಿತ್ತು. ನಾನು ಒಂದನ್ನು ಇನ್ನೊಂದರಿಂದ ಗುಣಿಸಿದೆ. ಮಂಚ, ಊಟ, ಕಾವಲು, ಸಿಬ್ಬಂದಿ ಎಲ್ಲ ಕೂಡಿಸಿದಾಗ ಆ ಒಂದು ಕಲಮಿಗೇ ತೊಂಬತ್ತಾರು ಕೋಟಿ ಬಂತು.

ನೂರು ಕೋಟಿ ದಾಟಿದ ಮಸೂದೆ ನೇರವಾಗಿ ಸಭೆಗೆ ಹೋಗುವುದಿಲ್ಲ, ಹಣಕಾಸು ಸಮಿತಿಗೆ ಹೋಗುತ್ತದೆ. ಆ ಸಮಿತಿಗೆ ಹೋದ ಮಸೂದೆ ತನ್ನ ಕಾಲ ಮೇಲೆ ತಾನು ನಡೆದು ಬಂದದ್ದನ್ನು ನಾನಂತೂ ನೋಡಿಲ್ಲ.

ನಮ್ಮ ಮುಖ್ಯಸ್ಥರನ್ನು ನಾವು ಬೆನ್ನ ಹಿಂದೆ ರಬ್ಬರ್ ಸಾಹೇಬರು ಅನ್ನುತ್ತೇವೆ. ಕಂಪ್ಯೂಟರ್ ಬಂದು ಇಷ್ಟು ವರ್ಷವಾದರೂ ಅವರು ಪ್ರಿಂಟ್ ತೆಗೆಸಿ ಪೆನ್ಸಿಲ್ ಹಿಡಿದೇ ಓದುವುದು, ಎಡಗೈಯಲ್ಲಿ ರಬ್ಬರ್ ಇಟ್ಟುಕೊಂಡೇ ಇರುವುದು. ಒಟ್ಟು ನೂರ ಮೂವತ್ತೊಂದು ಎಂದು ನೋಡಿದವರೇ ಕನ್ನಡಕ ತೆಗೆದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತಾರೆ, ಇಲ್ಲಿ ಹಾಸಿಗೆಗೇ ತೊಂಬತ್ತಾರು ಕೋಟಿ ಆಯಿತಲ್ಲಮ್ಮ ಎಂದರು. ತಮಾಷೆಯಾಗಿ ಹೇಳಿದರೂ ಅವರಿಗೆ ಬೇಸರವಾಗಿತ್ತು. ಅವರಿಗೆ ಮೂರು ಜನ ಹೆಣ್ಣುಮಕ್ಕಳು.

ಆಗ ಆ ಮಾತು ನನ್ನ ಬಾಯಿಂದಲೇ ಬಂತು. "ಎರಡೇ ಸಲ ಅಂತ ಮಿತಿ ಹಾಕಿದ್ರೆ ಸರ್? ಎರಡು ಸಲ ಅವಕಾಶ ಕೊಟ್ಟ ಮೇಲೂ ವಾಪಸ್ ಹೋಗೋರಿಗೆ ಮೂರನೇ ಸಲ ಯಾಕೆ ಕೊಡಬೇಕು?"

ಸೇರ್ಪಡೆಯಲ್ಲಿ ಮೂರರಲ್ಲೊಂದು ಪಾಲು ಮೂರನೇ ಸಲ, ನಾಲ್ಕನೇ ಸಲ ಬಂದವರದ್ದು ಎಂದು ಅದೇ ಅಧ್ಯಯನದಲ್ಲಿತ್ತು. ಅದನ್ನು ಕಿತ್ತುಹಾಕಿದರೆ ತೊಂಬತ್ತಾರು ಅರವತ್ತನಾಲ್ಕಾಗುತ್ತದೆ, ಒಟ್ಟು ತೊಂಬತ್ತೊಂಬತ್ತು. ಸಾಹೇಬರು ಪೆನ್ಸಿಲ್ಲಿನಿಂದ ಎರಡು ಸಲ ಕೂಡಿಸಿ ನೋಡಿದರು. ಮಿತಿ ಬೇಕೆಂದು ನಾವು ಶಿಫಾರಸು ಮಾಡುವ ಹಾಗಿಲ್ಲ, ಆದರೆ ಮಿತಿ ಇದ್ದರೆ ಇಷ್ಟಾಗುತ್ತದೆ ಎಂದು ಪಕ್ಕದಲ್ಲಿ ಒಂದು ಟಿಪ್ಪಣಿ ಬರೆಯಬಹುದು. ಅಂಥ ಟಿಪ್ಪಣಿ ಬರೆದರೆ ಮಂತ್ರಿಗಳ ಕಡೆಯವರು ಅದನ್ನೇ ಹಿಡಿದುಕೊಳ್ಳುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಬರೆಯಿರಿ ಎಂದರು. ಬರೆದೆ.

ಇಷ್ಟು ಚುರುಕಾಗಿ ಈ ಯೋಚನೆ ನನಗೆ ಹೇಗೆ ಹೊಳೆಯಿತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಮ್ಮ ಮನೆಯ ಕಥೆ ಹೇಳಬೇಕಾಗುತ್ತಿತ್ತು.

ನನಗೆ ಒಬ್ಬಳು ತಂಗಿ. ಒಳ್ಳೆ ಟೈಲರ್. ಚಿಕ್ಕವಳಿದ್ದಾಗಿನಿಂದ ಬಾಯಿ ಜೋರು, ಮನೆಯಲ್ಲಿ ನನ್ನನ್ನೂ ಅಮ್ಮನನ್ನೂ ಕುಣಿಸುತ್ತಿದ್ದವಳು ಅವಳೇ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಆ ಬಾಯಿ ಎಲ್ಲಿ ಹೋಯಿತೋ. ಮೊದಲ ಸಲ ಅವಳು ನಮ್ಮ ಮನೆಗೆ ಬಂದಾಗ ಕಡು ಬೇಸಿಗೆ, ಮೈಮೇಲೆ ಉದ್ದ ತೋಳಿನ ಸ್ವೆಟರ್. ನಾಲ್ಕು ದಿನ ಇದ್ದಳು, ಗಂಡ ಬಂದು ಅತ್ತ, ಹೋದಳು. ಎರಡನೇ ಸಲ ಒಂಬತ್ತು ದಿನ. ಮೂರನೇ ಸಲ ಬಂದವಳು ಎರಡೇ ದಿನಕ್ಕೆ ಹೊರಟಾಗ ನನಗೆ ತಡೆಯಲಾಗಲಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಬಾಗಿಲಲ್ಲಿ ನಿಂತು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ: ಈಗ ಹೋದರೆ ಮತ್ತೆ ಈ ಮೆಟ್ಟಿಲು ಹತ್ತಬೇಡ. ಅವಳು ಚಪ್ಪಲಿ ಹಾಕಿಕೊಂಡು ಹೋದಳು. ಅದಾಗಿ ಐದು ತಿಂಗಳು. ಒಂದು ಫೋನ್ ಇಲ್ಲ. ಅಮ್ಮ ನನ್ನ ಜೊತೆ ಜಗಳವಾಡಲಿಲ್ಲ, ಆದರೆ ದಿನಾ ಮೂರು ತಟ್ಟೆ ತೊಳೆದು ಎರಡರಲ್ಲೇ ಬಡಿಸುತ್ತಿದ್ದಳು.

ನಮ್ಮಲ್ಲಿ ಒಂದು ನಿಯಮವಿದೆ. ಯಾವುದಾದರೂ ಲೆಕ್ಕವನ್ನು ಇಳಿಸಬೇಕಾದರೆ ಆ ಕೆಲಸವನ್ನು ದಿನನಿತ್ಯ ಮಾಡುವ ಒಬ್ಬರ ಹತ್ತಿರ ಹೋಗಿ, ಹೌದು, ಹೀಗೇ ಆಗುತ್ತದೆ ಎಂದು ಸಹಿ ಹಾಕಿಸಿಕೊಂಡು ಬರಬೇಕು. ಕುರ್ಚಿಯಲ್ಲಿ ಕೂತು ಕತ್ತರಿಸಬಾರದು ಎಂದು ಹಳಬರು ಯಾರೋ ಮಾಡಿಟ್ಟ ನಿಯಮ. ಅದಕ್ಕಾಗಿ ನಾನು ಊರಿನ ಆಶ್ರಯ ಮನೆಗೆ ಹೋದೆ. ಹೊರಗಡೆ ಬೋರ್ಡಿಲ್ಲ. ಪಕ್ಕದಲ್ಲಿ ಟೈರ್ ಅಂಗಡಿ, ಎದುರಿಗೆ ಲಾಂಡ್ರಿ. ಗೇಟಿನ ಕಿಂಡಿಯಿಂದ ನನ್ನ ಗುರುತಿನ ಚೀಟಿ ನೋಡಿದ ಮೇಲೆ ಮೂರು ಚಿಲಕ ತೆಗೆದರು.

ವಾರ್ಡನ್ ಅರವತ್ತರ ಹತ್ತಿರದ ಹೆಂಗಸು, ದಪ್ಪ ಗಾಜಿನ ಕನ್ನಡಕ, ಸೊಂಟದಲ್ಲಿ ಬೀಗದ ಕೈ ಗೊಂಚಲು. ನಾನು ಬಂದ ಕೆಲಸ ಹೇಳಿ ಕಾಗದ ಮುಂದಿಟ್ಟೆ. ಅವರು ನಿಧಾನವಾಗಿ ಓದಿದರು. ಓದಿ, ಪೆನ್ನನ್ನು ಮುಚ್ಚಿ ನನ್ನ ಕಡೆಗೇ ತಳ್ಳಿದರು.

ಇದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದರು. ನನಗೂ ಸಿಟ್ಟು ಬಂತು. ಸಂಖ್ಯೆ ನಿಮ್ಮದೇ ತಾನೇ, ತಿಂಗಳು ತಿಂಗಳು ನೀವೇ ಕಳಿಸಿದ್ದು ತಾನೇ ಎಂದು ಕೇಳಿದೆ. ಸಂಖ್ಯೆ ನಮ್ಮದೇ, ಗುಣಾಕಾರ ಯಾರದ್ದು ಎಂದು ಅವರು ಕೇಳಿದರು. ನನ್ನದು ಎಂದೆ. ಅವರು ಎದ್ದು ಕಪಾಟಿನಿಂದ ಉದ್ದನೆಯ ರಿಜಿಸ್ಟರ್ ತೆಗೆದು, ಒಂದು ಪುಟ ತೆರೆದು, ಮೇಲ್ಗಡೆ ಹೆಸರಿರುವ ಜಾಗಕ್ಕೆ ಒಂದು ರಟ್ಟಿನ ತುಂಡು ಇಟ್ಟು ಮುಚ್ಚಿದರು. ಆ ರಟ್ಟು ಕೈ ತಾಗಿ ತಾಗಿ ಎಣ್ಣೆಗಟ್ಟಿತ್ತು. ಹೆಸರು ಯಾರಿಗೂ ತೋರಿಸುವುದಿಲ್ಲವಂತೆ, ಸರ್ಕಾರಕ್ಕೂ.

ಪುಟದಲ್ಲಿ ಐದು ಸಾಲುಗಳಿದ್ದವು. ಬಂದ ದಿನ, ಹೋದ ದಿನ, ಒಟ್ಟು ದಿನ. ಮೂರು. ಎಂಟು. ಒಂದು. ಇಪ್ಪತ್ತು. ಇಪ್ಪತ್ತೆಂಟು. ನನ್ನ ತಲೆ ಅದರಷ್ಟಕ್ಕೆ ಅದೇ ಕೂಡಿಸುತ್ತದೆ, ಅದು ರೋಗ. ಅರವತ್ತು.

"ಇವರು ಐದು ಜನಾನಾ?" ಎಂದು ಕೇಳಿದೆ.

"ಒಬ್ಬಳೇ ಮೇಡಂ. ಒಬ್ಬೊಬ್ಬರಿಗೆ ಒಂದೊಂದು ಪುಟ. ಎಷ್ಟು ಸಲ ಬಂದ್ರೂ ಅದೇ ಪುಟದಲ್ಲೇ ಬರೀತೀವಿ."

ಆದರೆ ಇಲಾಖೆಗೆ ಹೋಗುವ ತಿಂಗಳ ಪಟ್ಟಿಯಲ್ಲಿ ಪ್ರತಿ ಸಲ ಬಂದಾಗಲೂ ಹೊಸ ನಂಬರು. ಮೂರು ದಿನಕ್ಕೆ ಬಂದವಳೂ ಒಂದು ಸೇರ್ಪಡೆ, ಒಂದು ದಿನಕ್ಕೆ ಬಂದವಳೂ ಒಂದು ಸೇರ್ಪಡೆ. ನಮ್ಮ ಆಫೀಸಿನಲ್ಲಿ ಮೊದಲ ದಿನವೇ ಕಲಿಸುವ ಪಾಠ, ಒಂದು ಸಾಲು ಅಂದರೆ ಒಂದು ತಲೆ. ನಾನು ಪ್ರತಿ ಸೇರ್ಪಡೆಗೂ ಅರವತ್ತು ದಿನ ಹಾಕಿದ್ದೆ. ಆ ಅರವತ್ತು ಒಬ್ಬ ಹೆಂಗಸಿಗೆ, ಅವಳ ಎಲ್ಲ ಸಲಕ್ಕೂ ಸೇರಿ. ಈ ಪುಟದವಳಿಗೆ ನಾನು ಮುನ್ನೂರು ದಿನದ ಊಟ ಬಡಿಸಿ, ಮುನ್ನೂರು ದಿನ ಮಂಚ ಕೊಟ್ಟು, ಇಷ್ಟು ದುಬಾರಿಯಾದಳಲ್ಲ ಇವಳು, ಬಾಗಿಲು ಹಾಕಿ ಎಂದು ಬರೆದಿದ್ದೆ.

ಮುಖ ಬಿಸಿಯಾಯಿತು. ಎದುರಿಗೆ ಕೂತವರಿಗೆ ಅದು ಕಂಡಿರಬೇಕು, ನೀರು ತರಿಸಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ. ನನಗೆ ಬೇಕಾಯಿತು. ನಾಲ್ಕು ದಿನ, ಒಂಬತ್ತು ದಿನ, ಎರಡು ದಿನ ಎಂದು ನನ್ನ ಮನೆಯಲ್ಲೇ ಲೆಕ್ಕ ಇತ್ತು. ಮೂರು ಸಲ ಬಂದು ಹದಿನೈದು ದಿನ ಇದ್ದವಳನ್ನು ಕಣ್ಣಾರೆ ಕಂಡೂ ನಾನು ಸಲಕ್ಕೆ ಅರವತ್ತು ಅಂತ ಬರೆದಿದ್ದೆ.

ನೀರು ಕುಡಿದ ಮೇಲೆ ನಾನು ಆಫೀಸಿಗೆ ಸಂಬಂಧವಿಲ್ಲದ ಒಂದು ಪ್ರಶ್ನೆ ಕೇಳಿದೆ. ಐದು ಸಲ ಯಾಕೆ ಬರಬೇಕು, ಬಿಡುವುದಾದರೆ ಒಂದೇ ಸಲ ಬಿಟ್ಟು ಬರಬಾರದಾ ಎಂದು. ಸ್ವರ ನನಗೇ ಬೇರೆಯಾಗಿ ಕೇಳಿತು.  ವಾರ್ಡನ್ ಅಮ್ಮ ಪುಟದ ಬಲಗಡೆಯ ಕೊನೆಯ ಕಾಲಂ ಮೇಲೆ ಬೆರಳಿಟ್ಟರು.

"ದಿನ ನೋಡ್ಬೇಡಿ, ಸಾಮಾನು ನೋಡಿ."

ಬಂದವರಿಗೆ ಸಾಮಾನಿಡಲು ಪೆಟ್ಟಿಗೆ ಕೊಡಬೇಕಾದ್ದರಿಂದ ಅವರು ಏನು ತಂದಿದ್ದಾರೆಂದು ಬರೆಯುತ್ತಾರಂತೆ. ಮೊದಲ ಸಾಲಿನಲ್ಲಿ 'ಏನೂ ಇಲ್ಲ'. ಎರಡನೆಯದರಲ್ಲಿ 'ಕೈಚೀಲ, ಒಂದು ಜೊತೆ ಬಟ್ಟೆ'. ಮೂರನೆಯದರಲ್ಲಿ, ಅದೇ ಒಂದು ದಿನದ ಸಲ, 'ಮಗುವಿನ ಜನನ ಪತ್ರ, ಶಾಲೆಯ ಕಾಗದ. ಇಲ್ಲೇ ಇಟ್ಟು ಹೋಗಿದ್ದಾಳೆ'. ನಾಲ್ಕನೆಯದರಲ್ಲಿ 'ಬ್ಯಾಂಕ್ ಪುಸ್ತಕ, ಮಗು'. ಐದನೆಯದರಲ್ಲಿ 'ಮಗು, ಕುಕ್ಕರ್, ಹಾಸಿಗೆ ಸುರುಳಿ'. ಅದರ ಕೆಳಗೆ ಕೆಂಪು ಗೆರೆ, ಬಾಡಿಗೆ ಕೋಣೆಗೆ ಹೋದಳು ಎಂಬ ಷರಾ.

ವಾರ್ಡನ್ ಅಮ್ಮ ಹೇಳಿದ್ದು ಇಷ್ಟೇ: ಹೆಂಗಸರು ಮನೆ ಬಿಡುವುದು ಒಂದೇ ಹೆಜ್ಜೆಯಲ್ಲಿ ಅಲ್ಲ, ಸ್ವಲ್ಪ ಸ್ವಲ್ಪವೇ ಸಾಗಿಸಿಕೊಂಡು ಬರುತ್ತಾರೆ. ಎರಡಕ್ಕೇ ಬಾಗಿಲು ಹಾಕಿದರೆ ಕೈಚೀಲದ ಹಂತದಲ್ಲೇ ನಿಂತುಬಿಡುತ್ತಾರೆ. ಅವರು ಭಾಷಣ ಮಾಡುವ ಪೈಕಿ ಅಲ್ಲ. ಇಷ್ಟು ಹೇಳಿ ಅಡಿಗೆಮನೆಯಲ್ಲಿ ಗ್ಯಾಸ್ ಮುಗಿದಿದೆಯಂತೆ ಎಂದು ಎದ್ದು ಹೋದರು.

ಬಸ್ಸಿನಲ್ಲಿ ಕೂತಾಗ ನನಗೆ ಕತ್ತರಿ ನೆನಪಾಯಿತು. ತಂಗಿ ಮೂರನೇ ಸಲ ಬಂದು ಹೋದ ಮೇಲೆ ನಮ್ಮ ಅಡಿಗೆಮನೆಯ ಡ್ರಾಯರಿನಲ್ಲಿ ಅವಳ ದೊಡ್ಡ ಬಟ್ಟೆ ಕತ್ತರಿ ಸಿಕ್ಕಿತ್ತು, ಹಳೆಯ ಟವೆಲ್ಲಿನಲ್ಲಿ ಸುತ್ತಿ ಇಟ್ಟದ್ದು. ಮರೆತು ಹೋಗಿದ್ದಾಳೆ, ತಲೆಯೇ ನೆಟ್ಟಗಿಲ್ಲ ಅವಳಿಗೆ ಎಂದು ಆಗಲೂ ಬೈದಿದ್ದೆ. ಟೈಲರ್ ತನ್ನ ಕತ್ತರಿ ಮರೆಯುತ್ತಾಳೆಯೇ? ಮರೆತಿದ್ದರೆ ಟವೆಲ್ ಯಾಕೆ ಸುತ್ತುತ್ತಿದ್ದಳು? ಅವಳು ತನ್ನ ಮೊದಲ ಸಾಮಾನನ್ನು ಸಾಗಿಸಿ ನಮ್ಮಲ್ಲಿ ಇಟ್ಟಿದ್ದಳು, ನಾನು ಅದೇ ಹೊತ್ತಿಗೆ ಬಾಗಿಲು ಹಾಕಿದ್ದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಂದೀತೇ ಎಂಬ ಗಾದೆ ಚಿಕ್ಕಂದಿನಿಂದ ಕೇಳಿದ್ದೇನೆ. ಆ ದಿನ ಬಸ್ಸಿನಲ್ಲಿ ಎಲ್ಲರೆದುರು ಅತ್ತೆ. ಪಕ್ಕದಲ್ಲಿ ಕೂತ ಹೆಂಗಸು ತನ್ನ ಚೀಲ ಆಚೆ ಸರಿಸಿ ನನಗೆ ಜಾಗ ಮಾಡಿಕೊಟ್ಟಳು.

ಮುಂದಿನ ನಿಲ್ದಾಣದಲ್ಲೇ ಇಳಿದು ತಂಗಿಗೆ ಫೋನ್ ಮಾಡಿದೆ. ಗಂಡ ಎತ್ತಿದರೆ ಗಿರಾಕಿಯ ಹಾಗೆ ಮಾತಾಡೋಣ ಎಂದುಕೊಂಡಿದ್ದೆ. ಅವಳೇ ಎತ್ತಿದಳು. ಹಿಂದುಗಡೆ ಟಿವಿ ಸದ್ದು, ಗಂಡಸಿನ ಕೆಮ್ಮು. ನನ್ನ ಸ್ವರ ಕೇಳಿದವಳೇ, "ಹೇಳಿ ಮೇಡಂ, ಅಳತೆ ಬಟ್ಟೆ ಇದೆಯಾ?" ಎಂದಳು.

ಮೇಡಂ ಅಂದಾಗಲೇ ಗಂಡ ಪಕ್ಕದಲ್ಲಿದ್ದಾನೆ ಎಂದು ತಿಳಿಯಿತು. ಆದರೂ ಹೇಳಿದೆ. "ನಾನು ಹೇಳಿದ್ದು ತಪ್ಪು ಕಣೇ. ಒಂದು ದಿನಕ್ಕೆ ಬಂದ್ರೂ ಬಾ. ಹತ್ತು ಸಲ ಬಂದ್ರೂ ಬಾ. ಎಷ್ಟು ದಿನ ಅಂತ ನಾನು ಕೇಳಲ್ಲ."

 

"ಸರಿ ಮೇಡಂ. ಈಗ ಕೈ ತುಂಬ ಕೆಲಸ ಇದೆ. ಆದಾಗ ನಾನೇ ತಿಳಿಸ್ತೀನಿ," ಎಂದು ಇಟ್ಟಳು.

ಮಾರನೆಯ ದಿನ ಉಳಿದ ಹತ್ತು ಆಶ್ರಯ ಮನೆಗಳಿಗೂ ಫೋನ್ ಮಾಡಿದೆ. ಎಷ್ಟು ಸೇರ್ಪಡೆ ಎಂದು ಕೇಳಲಿಲ್ಲ, ಹೋದ ವರ್ಷ ಎಷ್ಟು ಪುಟ ಎಂದು ಕೇಳಿದೆ. ಎಣಿಸಿ ಹೇಳಲು ಅವರಿಗೆ ಮೂರು ದಿನ ಬೇಕಾಯಿತು. ಒಬ್ಬ ವಾರ್ಡನ್ ಇಂಥ ಪ್ರಶ್ನೆಯನ್ನು ಇಲ್ಲಿಯತನಕ ಯಾರೂ ಕೇಳಿರಲಿಲ್ಲವಲ್ಲ ಎಂದು ಅನುಮಾನಪಟ್ಟು ನಮ್ಮ ಆಫೀಸಿಗೆ ಮರಳಿ ಫೋನ್ ಮಾಡಿ ನಾನು ನಿಜವಾಗಿ ಇದ್ದೇನೋ ಇಲ್ಲವೋ ಎಂದು ವಿಚಾರಿಸಿದರು. ಎಲ್ಲ ಸೇರಿ ಎರಡು ಸಾವಿರದ ಹದಿನಾಲ್ಕು ಪುಟಗಳು. ಆರು ಸಾವಿರ ಹೆಂಗಸರು ಎಂದು ನಾನು ಲೆಕ್ಕ ಹಾಕಿದ್ದು ಎರಡು ಸಾವಿರ ಹೆಂಗಸರು, ತಲಾ ಮೂರು ಸಲ. ಹದಿನಾಲ್ಕನೇ ಕಲಮಿಗೆ ಮೂವತ್ತೆರಡು ಕೋಟಿ. ಒಟ್ಟು ಅರವತ್ತೇಳು.

ಇನ್ನು ಸಾಹೇಬರಿಗೆ ಹೇಳಬೇಕಿತ್ತು. ಅರವತ್ತನಾಲ್ಕು ಕೋಟಿಯ ತಪ್ಪನ್ನು ಹೇಗೆ ಹೇಳುವುದೆಂದು ಮೆಟ್ಟಿಲ ಮೇಲೆಲ್ಲ ಅಭ್ಯಾಸ ಮಾಡಿಕೊಂಡು ಹೋದೆ. ಒಳಗೆ ಹೋದವಳು ಅಭ್ಯಾಸ ಮಾಡಿದ್ದೆಲ್ಲ ಮರೆತು, ಹೆಂಗಸರನ್ನು ಮೂರು ಮೂರು ಸಲ ಎಣಿಸಿಬಿಟ್ಟೆ ಸರ್ ಎಂದೆ. ಅವರು ಹಾಳೆ ತೆಗೆದುಕೊಂಡು ಪೆನ್ಸಿಲ್ಲಿನಿಂದ ಒಂದೊಂದೇ ಸಾಲು ಇಳಿದರು. ನಾನು ನಿಂತೇ ಇದ್ದೆ. ಕೊನೆಯ ಸಾಲಿಗೆ ಬಂದಾಗ ಅವರ ಮುಖ ನಿಧಾನವಾಗಿ ಅಗಲವಾಯಿತು. ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತಮ್ಮ ಎಂದರು. ಅದಾದ ಮೇಲೆ ನೆನಪು ಮಾಡಿಕೊಂಡು ಹತ್ತು ನಿಮಿಷ ಬೈದರು. ನ್ಯಾಯವಾದ ಬೈಗುಳ, ತೆಗೆದುಕೊಂಡೆ.

ಲೆಕ್ಕ ತಿದ್ದಿದವರು ಕಾರಣವನ್ನು ಸ್ವಂತ ಕೈಬರಹದಲ್ಲಿ ಕೆಳಗೆ ಬರೆದು ಸಹಿ ಹಾಕಬೇಕು. ಒಂದೇ ಸಾಲು ಸಾಕು. ಬರೆದು, ಪಕ್ಕದ ಟಿಪ್ಪಣಿಗೆ, ಎರಡೇ ಸಲ ಎಂದು ನಾನೇ ಬರೆದದ್ದಕ್ಕೆ, ಬೆರಳು ತೋರಿಸಿದೆ. ಅದು ಪೆನ್ಸಿಲ್ಲಿನಲ್ಲಿತ್ತು. ಸಾಹೇಬರು ರಬ್ಬರ್ ನನ್ನ ಕೈಗೇ ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅದನ್ನು ಇನ್ನೊಬ್ಬರಿಗೆ ಕೊಟ್ಟದ್ದು ನಾನು ಕಂಡಿಲ್ಲ. ಎರಡು ಸಲ ಉಜ್ಜಿ, ಪುಡಿ ಊದಿದೆ.

ಮಸೂದೆ ಸಮಿತಿಗೆ ಹೋಗದೆ ನೇರ ಸಭೆಗೆ ಹೋಯಿತು. ಮೂರು ವಾರದ ಮೇಲೆ ಹದಿನಾಲ್ಕನೇ ಕಲಮು 'ಎಷ್ಟು ಸಲ ಬಂದರೂ' ಎಂಬ ಮಾತಿನ ಸಮೇತ ಪಾಸಾಯಿತು. ನಾನು ವಾರ್ಡನ್ ಅಮ್ಮನಿಗೆ ಫೋನ್ ಮಾಡಿ ತಿಳಿಸಿದೆ. ಹೌದಾ, ಒಳ್ಳೆಯದಾಯಿತು, ರಿಜಿಸ್ಟರ್ ಪುಸ್ತಕ ಮುಗಿಯುತ್ತಾ ಬಂದಿದೆ, ಹೊಸದನ್ನು ಯಾರಿಗೆ ಕೇಳಬೇಕು ಎಂದರು. ಆಫೀಸಿನಲ್ಲಿ ಯಾರೋ ಸಿಹಿ ಹಂಚಿದರು. ತಲೆ ಮೇಲಿನ ಭಾರ ಇಳಿದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸಂಜೆ ಮನೆಗೆ ಬಂದು ಫೋನ್ ಮೇಜಿನ ಮೇಲಿಟ್ಟರೆ ಅದು ಸುಮ್ಮನೆ ಮಲಗಿರುತ್ತಿತ್ತು. ಸರ್ಕಾರದ ಬಾಗಿಲು ತೆರೆಸಿದೆ, ನನ್ನ ಬಾಗಿಲಿಗೆ ಯಾರೂ ಬರಲಿಲ್ಲ.

ಅದಾದ ಎಂಟನೆಯ ದಿನ ಭಾನುವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಕೆಳಗೆ ಸಾಮಾನು ಸಾಗಿಸುವ ಸಣ್ಣ ಗಾಡಿ ನಿಂತ ಸದ್ದಾಯಿತು. ಅಮ್ಮ ಕಿಟಕಿಯಿಂದ ಬಗ್ಗಿ ನೋಡಿ ಬಾಗಿಲ ಕಡೆ ಓಡಿದಳು, ಮಂಡಿ ನೋವಿನವಳು. ನಾನು ಹಿಂದೆಯೇ ಹೋದೆ. ತಂಗಿ ಮೆಟ್ಟಿಲು ಹತ್ತುತ್ತಿದ್ದಳು. ಹಿಂದೆ ಗಾಡಿಯವನು ಹೊಲಿಗೆ ಮೆಷಿನ್ನಿನ ತಲೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬರುತ್ತಿದ್ದ. ಕಬ್ಬಿಣದ ಕಾಲು, ಪೆಡಲ್ಲು, ಮೇಲಿನ ಹಲಗೆ ಇನ್ನೂ ಗಾಡಿಯಲ್ಲೇ ಇದ್ದವು. ಆ ಮೆಷಿನ್ನಿನ ತೂಕ ನನಗೆ ಗೊತ್ತು. ಅದನ್ನು ಎರಡು ದಿನಕ್ಕೆಂದು ಯಾರೂ ಹೊತ್ತು ತರುವುದಿಲ್ಲ.

ಎಷ್ಟು ದಿನ ಎಂದು ಕೇಳುವುದಿಲ್ಲ ಎಂದಿದ್ದೆ, ಕೇಳಲಿಲ್ಲ. ಅವಳೂ ನಾನೂ ಕೆಳಗಿಳಿದು ಕಬ್ಬಿಣದ ಕಾಲನ್ನು ಆ ಕಡೆ ಈ ಕಡೆ ಹಿಡಿದು, ತಿರುವಿನಲ್ಲಿ ಗೋಡೆಗೆ ತಾಗಿಸಿ ಸುಣ್ಣ ಉದುರಿಸಿಕೊಂಡು ಮೇಲೆ ತಂದೆವು. ಕಿಟಕಿಯ ಹತ್ತಿರ ಇಡು, ಬೆಳಕು ಚೆನ್ನಾಗಿದೆ ಎಂದೆ. ಇಟ್ಟಳು. ತಲೆ ಕೂರಿಸಿ, ಬೆಲ್ಟ್ ಹಾಕಿ, ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದಳು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ತಟ್ಟೆ ಇಡಲು ಹೋದಳು.

"ನನ್ನ ಕತ್ತರಿ ಎಲ್ಲಿ?" ಎಂದಳು ತಂಗಿ.

ಅಲ್ಲೇ ಡ್ರಾಯರಿನಲ್ಲಿದೆ ಎಂದೆ. ಹೋಗಿ ತೆಗೆದಳು. ಟವೆಲ್ ಇರಲಿಲ್ಲ. ಅಲಗನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ, ಮೂಸಿ ನೋಡಿದಳು. ಆರು ತಿಂಗಳಿನಿಂದ ಅಮ್ಮನೂ ನಾನೂ ಅದರಲ್ಲೇ ದಿನಾ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದ್ದೆವು.

"ಬಟ್ಟೆ ಕತ್ತರಿ ಕಣೇ ಇದು! ಬುದ್ಧಿ ಇದೆಯಾ ನಿಮಗೆ? ಇಷ್ಟು ಓದಿದ್ದೀಯ, ಕತ್ತರಿಗೂ ಕತ್ತರಿಗೂ ವ್ಯತ್ಯಾಸ ಗೊತ್ತಾಗಲ್ವಾ ಅಕ್ಕ? ಒಂದು ಸಾಮಾನು ನಂಬಿ ಇಟ್ಟು ಹೋದ್ರೆ ಹೀಗಾ ನೋಡ್ಕೊಳ್ಳೋದು?"

ಸ್ವರ ಮನೆಯಿಡೀ ಕೇಳಿತು. ಅಡಿಗೆಮನೆಯಲ್ಲಿ ಅಮ್ಮ ತಟ್ಟೆ ಹಿಡಿದವಳು ಹಾಗೇ ನಿಂತಳು. ಒಂಬತ್ತು ವರ್ಷದಿಂದ ನಾವು ಆ ಸ್ವರ ಕೇಳಿರಲಿಲ್ಲ. ನಾನು ತಲೆ ತಗ್ಗಿಸಿ, ತಪ್ಪಾಯಿತು ಕಣೇ ಎಂದೆ. ಸಾಣೆ ಹಿಡಿಸಿಕೊಂಡು ಬಾ, ಈಗಲೇ ಎಂದು ಅವಳು ಕತ್ತರಿಯನ್ನು ನನ್ನ ಕೈಗಿಟ್ಟಳು. ನಾನು ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿದೆ. ಭಾನುವಾರ, ಸಾಣೆ ಹಿಡಿಯುವವನ ಅಂಗಡಿ ಮುಚ್ಚಿರುತ್ತದೆ ಎಂದು ಗೊತ್ತಿತ್ತು, ಆದರೂ ಹೋದೆ.